ಭಾಗೀರಥಿ ಅತ್ತೆಯ ಮೂಗು

ಟೀವಿಯಿಂದ ವಾಸನೆ ಬರುವುದಿಲ್ಲ ಎಂಬುದು ನನಗೂ ಗೊತ್ತು. ನನಗಿನ್ನೂ ಅಷ್ಟು ಅರಳುಮರಳಾಗಿಲ್ಲ. ಆದರೂ ಕಳೆದ ಭಾನುವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಡೊಂಬಿವಲಿಯ ನನ್ನ ಫ್ಲ್ಯಾಟಿನಲ್ಲಿ ಕುಳಿತು ಕುಕರಿ ಶೋ ನೋಡುತ್ತಿದ್ದಾಗ, ಸುಟ್ಟ ಮೆಂತೆಯ ಕಹಿ ವಾಸನೆ ಮೂಗಿಗೆ ಬಡಿಯಿತು. ಎದ್ದು ಹೋಗಿ ಗ್ಯಾಸ್ ನೋಡಿಬಂದೆ. ಒಲೆ ಆರಿಯೇ ಇತ್ತು. ವಾಸನೆ ಬಂದದ್ದು ಸ್ಕ್ರೀನಿನ ಮೇಲಿದ್ದ ಬಾಣಲೆಯಿಂದ. ಕೊತ್ತಂಬರಿ, ಬ್ಯಾಡಗಿ ಮೆಣಸು, ಜೀರಿಗೆ, ಮೆಂತೆ, ಉದ್ದಿನಬೇಳೆ ಎಲ್ಲವನ್ನೂ ಅದರೊಳಗೆ ಒಟ್ಟಿಗೇ ಸುರಿದು, ಕೆಳಗೆ ಫುಲ್ ಫ್ಲೇಮ್ ಇಟ್ಟು, ಸರ್ಕಸ್ಸಿನವನ ಹಾಗೆ ಗಾಳಿಗೆ ಹಾರಿಸಿ ಹಿಡಿಯುತ್ತಿದ್ದವನು ಪ್ರಶಾಂತ, ನನ್ನ ತಂಗಿಯ ಮಗ. ಖಾರ್‌ಘರ್‌ನಲ್ಲಿ ಅವನದೊಂದು ರೆಸ್ಟೋರೆಂಟ್ ಇದೆ. ಅಲ್ಲಿ ಇಡ್ಲಿಯನ್ನು ಕಪ್ಪು ಕಲ್ಲಿನ ಹಲಗೆಯ ಮೇಲಿಟ್ಟು ಕೊಡುತ್ತಾರೆ. ಅದನ್ನೂ ಸಹಿಸಿಕೊಂಡಿದ್ದೆ. ಆದರೆ ಮೆಂತೆಯನ್ನು ಕೊತ್ತಂಬರಿಯ ಜೊತೆಗೆ ಹುರಿಯುವುದು, ಐ ಆಮ್ ಸಾರಿ, ಸಹಿಸುವಂಥದ್ದಲ್ಲ.

ಇನ್ನೂ ದೊಡ್ಡ ಅನ್ಯಾಯ ಆಮೇಲೆ ಬಂತು. ಶೋ ನಡೆಸುವ ಹುಡುಗಿ ಈ ರೆಸಿಪಿ ಯಾರದ್ದೆಂದು ಕೇಳಿದಳು. ಅವನು ಒಂದು ಹಳೇ ಫೋಟೋ ಎತ್ತಿ ಹಿಡಿದ. ಕೋಟು ಹಾಕಿದ ನನ್ನ ಅಪ್ಪ, ಪಕ್ಕದಲ್ಲಿ ಅಮ್ಮ, ಮುಂದೆ ಯೂನಿಫಾರ್ಮಿನಲ್ಲಿ ಎರಡು ಜಡೆಯ ನಾನು. ತುದಿಯಲ್ಲಿ, ಸೀರೆಯ ಸೆರಗನ್ನು ತಲೆತುಂಬ ಹೊದ್ದ ಒಬ್ಬ ಹೆಂಗಸು. ಕಲ್ಯಾಣದಲ್ಲಿ ಹೋಟೆಲ್ ನಡೆಸಿದ ಅಜ್ಜನ ಸೀಕ್ರೆಟ್ ಮಸಾಲಾ ಇದು ಎಂದು ಅವನು ಹಿಂದಿಯಲ್ಲಿ ವಿವರಿಸಿದ. ತುದಿಯಲ್ಲಿರುವವಳು ಮನೆಯ ಕುಕ್, ಅಜ್ಜ ಹೇಳಿದ ಅಳತೆಯಂತೆ ಹುರಿದು ಕೊಡುತ್ತಿದ್ದಳು ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಜಡ್ಜುಗಳಿಗೆ ಆ ಸ್ಟೋರಿ ಬಹಳ ಹಿಡಿಸಿತಂತೆ. ಮುಂದಿನ ರೌಂಡಿನಲ್ಲಿ ಅದನ್ನೇ ಇನ್ನಷ್ಟು ಹೇಳಬೇಕಂತೆ. ನಾನು ರಿಮೋಟ್ ಒತ್ತಿ ಟೀವಿ ಆರಿಸಿದೆ.

ಆ ಹೆಂಗಸು ಕುಕ್ ಅಲ್ಲ. ಅವಳು ಅಪ್ಪನ ಅಕ್ಕ, ನನ್ನ ಭಾಗೀರಥಿ ಅತ್ತೆ. ಕೋಟದ ಕಡೆಯ ಮನೆಯಲ್ಲಿ ಹತ್ತೊಂಬತ್ತನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ತಮ್ಮನ ಹಿಂದೆ ಈ ಊರಿಗೆ ಬಂದವಳು. ಆಗಿನ ಡೊಂಬಿವಲಿಯನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಸ್ಟೇಷನ್ ಬಿಟ್ಟು ಸ್ವಲ್ಪ ನಡೆದರೆ ಭತ್ತದ ಗದ್ದೆ, ನಡುವೆ ಅಲ್ಲೊಂದು ಇಲ್ಲೊಂದು ಸಾಲುಮನೆಗಳ ಚಾಳು. ನಮ್ಮ ಚಾಳಿನ ಎರಡು ಖೋಲಿಗಳಲ್ಲಿ ಹಿಂದಿನದು ಅತ್ತೆಯ ರಾಜ್ಯ. ಪ್ರತಿ ಗುರುವಾರ ಬೆಳಕು ಹರಿಯುವ ಮೊದಲೇ ಅವಳು ಒದ್ದೆ ಸೀರೆಯಲ್ಲಿ ಒಲೆಯ ಮುಂದೆ ಕೂರುತ್ತಿದ್ದಳು. ತೆಂಗಿನೆಣ್ಣೆ ಒಂದೇ ಚಮಚ. ಒಂದೊಂದು ಸಾಮಾನಿಗೂ ಬೇರೆ ಬೇರೆ ಸರದಿ, ಬೇರೆ ಬೇರೆ ಉರಿ. ಮೆಂತೆಯನ್ನು ಮಾತ್ರ ಕೆಂಪಾಗುವುದಕ್ಕೆ ಮೊದಲೇ ಇಳಿಸಿಬಿಡುತ್ತಿದ್ದಳು. ಉಳಿದದ್ದನ್ನು ಬಾಣಲೆಯ ಬಿಸಿಯೇ ಮಾಡಿಕೊಳ್ಳುತ್ತದೆ ಎನ್ನುವುದು ಅವಳ ಲೆಕ್ಕ. ಕೊತ್ತಂಬರಿ ಹದಕ್ಕೆ ಬರುವ ಹೊತ್ತಿಗೆ ಇಡೀ ಚಾಳು ಎಚ್ಚರಗೊಳ್ಳುತ್ತಿತ್ತು, ಪಕ್ಕದ ಮನೆಯ ಮರಾಠಿ ಕಾಕೂ ಸೀನುತ್ತ ಬಂದು ಬಾಗಿಲಲ್ಲಿ ನಿಂತು ಇವತ್ತು ಗುರುವಾರ ಎಂದು ಕ್ಯಾಲೆಂಡರ್ ನೋಡದೆ ಹೇಳುತ್ತಿದ್ದಳು. ಕುಟ್ಟಿದ ಪುಡಿಯನ್ನು ಡಬ್ಬದಲ್ಲಿ ತುಂಬಿ, ಬಟ್ಟೆ ಕಟ್ಟಿ, ಅತ್ತೆ ತಾನೇ ಲೋಕಲ್ ರೈಲು ಹತ್ತಿ ಠಾಕುರ್ಲಿ ದಾಟಿ ಕಲ್ಯಾಣದ ಹೋಟೆಲಿಗೆ ಒಯ್ಯುತ್ತಿದ್ದಳು. ಬೇರೆಯವರ ಕೈಗೆ ಕೊಡಲು ಅಪ್ಪ ಹೆದರುತ್ತಿದ್ದರು. ಲೇಡೀಸ್ ಬೋಗಿಯಲ್ಲಿ ಅವಳ ಸುತ್ತ ಕುಳಿತವರೆಲ್ಲ ಇಳಿಯುವವರೆಗೆ ಹಸಿದುಕೊಂಡೇ ಇರುತ್ತಿದ್ದರು.

ಸಾಮಾನು ಕೊಳ್ಳುವುದೂ ಅವಳೇ. ಕಲ್ಯಾಣದ ಪೇಟೆಯಲ್ಲಿ ಹುಬ್ಬಳ್ಳಿ ಕಡೆಯ ಶೆಟ್ಟರೊಬ್ಬರ ಅಂಗಡಿಯಿತ್ತು, ಬ್ಯಾಡಗಿ ಮೆಣಸು ಅವರಲ್ಲಿಗೇ ಬರುತ್ತಿತ್ತು. ಅತ್ತೆ ಒಂದೊಂದು ಚೀಲದ ಬಾಯಿ ಬಿಚ್ಚಿಸಿ, ಮೆಣಸನ್ನು ಮುರಿದು ಒಳಗಿನ ವಾಸನೆ ನೋಡಿ, ಕೊತ್ತಂಬರಿ ಕಾಳನ್ನು ಅಂಗೈಯಲ್ಲಿ ಉಜ್ಜಿ ಮೂಸಿ, ಮೂರರಲ್ಲಿ ಎರಡನ್ನು ಹಿಂದಕ್ಕೆ ತಳ್ಳುತ್ತಿದ್ದಳು. ಒಮ್ಮೆ ಶೆಟ್ಟರು ಬೇಸತ್ತು, "ಏನ್ರೀ ಅಕ್ಕಾರ, ಇಡೀ ಅಂಗಡೀನ ಮೂಸಿ ನೋಡವ್ರೇನು?" ಎಂದರು. ಅತ್ತೆ ತಲೆ ಎತ್ತದೆ, "ಉಳಿದವರಿಗೆ ಮೂಗು ಇರುವುದು ಮೂಗುಬೊಟ್ಟು ಇಡ್ಲಿಕ್ಕೆ. ನನಗೆ ಅದಿಲ್ಲವಲ್ಲ, ಮೂಸುವುದಾದರೂ ಮಾಡ್ತೇನೆ" ಎಂದಳು. ಶೆಟ್ಟರು ನಗಲೂ ಆಗದೆ ಸುಮ್ಮನಿರಲೂ ಆಗದೆ ಒಳಗಿನಿಂದ ಹೊಸ ಚೀಲ ತರಿಸಿದರು. ಈಗ ನನ್ನ ಸೊಸೆ ಫೋನಿನ ಮೇಲೆ ಬೆರಳಾಡಿಸಿದರೆ ಹತ್ತು ಮಿನಿಟಿನಲ್ಲಿ ಮೆಣಸು ಬಾಗಿಲಿಗೆ ಬರುತ್ತದೆ, ಸೀಲ್ ಮಾಡಿದ ಪ್ಲಾಸ್ಟಿಕ್ಕಿನಲ್ಲಿ. ಮಾಲ್‌ಗೆ ಹೋದರೂ ಅಷ್ಟೇ. ಒಂದು ಸಲ ನಾನು ಪ್ಯಾಕೆಟ್ಟಿನ ಮೂಲೆಯನ್ನು ಉಗುರಿನಿಂದ ಸ್ವಲ್ಪ ಚುಚ್ಚಿ ಮೂಸಿದ್ದಕ್ಕೆ ಅಲ್ಲಿನ ಹುಡುಗಿ, ಆಂಟಿ, ಈಗ ಇದನ್ನು ನೀವೇ ತಗೊಳ್ಳಬೇಕು ಎಂದಳು. ತಿನ್ನುವ ವಸ್ತುವಿನ ವಾಸನೆ ನೋಡುವುದು ಯಾವಾಗಿನಿಂದ ಕಳ್ಳತನವಾಯಿತು, ಹೇಳಿ.

ಮೇ ತಿಂಗಳಲ್ಲಿ ನಾವು ಬಸ್ಸಿನಲ್ಲಿ ಊರಿಗೆ ಹೋಗುತ್ತಿದ್ದೆವು. ಪುಣೆ, ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ, ಆಮೇಲೆ ಘಾಟಿ ಇಳಿದು ಕುಂದಾಪುರ. ದಾರಿಯುದ್ದಕ್ಕೂ ನಮ್ಮ ಕರಾವಳಿಯವರ ಹೋಟೆಲುಗಳು. ಬಸ್ಸು ನಿಂತಲ್ಲೆಲ್ಲ ಅಪ್ಪ ಇಳಿದುಹೋಗಿ ಸಾಂಬಾರಿನ ರುಚಿ ನೋಡುತ್ತಿದ್ದರು. ಅತ್ತೆ ಹೊರಗಿನದ್ದನ್ನು ಮುಟ್ಟುವಂತಿರಲಿಲ್ಲ. ಅವಳ ಬುತ್ತಿಯಲ್ಲಿ ಅವಲಕ್ಕಿ, ಕಾಯಿಚೂರು, ಬಾಳೆಹಣ್ಣು. ಅಪ್ಪ ಒಂದು ಲೋಟ ಸಾಂಬಾರನ್ನು ಬಸ್ಸಿನ ಕಿಟಕಿಗೆ ತಂದು ಹಿಡಿಯುತ್ತಿದ್ದರು. ಅತ್ತೆ ಬಗ್ಗಿ ಒಮ್ಮೆ ಉಸಿರೆಳೆದು ತೀರ್ಪು ಕೊಡುತ್ತಿದ್ದಳು. ಕೊಲ್ಲಾಪುರದಲ್ಲಿ ಅವಳು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಮೆಂತೆ ಹೊತ್ತಿದೆ. ಹುರಿದವನಿಗೆ ಎಲ್ಲಿಗೋ ಹೋಗ್ಲಿಕ್ಕಿತ್ತು." ಅಪ್ಪ ಲೋಟ ಹಿಡಿದುಕೊಂಡು ಒಳಗೆ ಹೋಗಿ, ಹೋಟೆಲಿನ ಯಜಮಾನರಿಗೆ ಅದನ್ನೇ ತಮ್ಮ ಅಭಿಪ್ರಾಯವೆಂಬಂತೆ ಗಂಭೀರವಾಗಿ ಹೇಳಿಬರುತ್ತಿದ್ದರು. ಹೀಗೆ ಆ ದಾರಿಯಲ್ಲೆಲ್ಲ ಕಲ್ಯಾಣದ ಭಟ್ಟರ, ಅಂದರೆ ಅಪ್ಪನ, ನಾಲಿಗೆ ಎಂದರೆ ಒಂದು ಹೆಸರೇ ಆಗಿಬಿಟ್ಟಿತ್ತು. ಕಿಟಕಿಯ ಮೂಗಿನ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಹೋದ ವರ್ಷ ಪ್ರಶಾಂತ ನನ್ನನ್ನು ಕಾರಿನಲ್ಲಿ ಪುಣೆಗೆ ಕರೆದೊಯ್ದ. ಎಕ್ಸ್‌ಪ್ರೆಸ್‌ವೇಯ ಫುಡ್ ಕೋರ್ಟಿನಲ್ಲಿ ಟೋಕನ್ ಹಿಡಿದು ನಿಂತು ಪಡೆದ ಸಾಂಬಾರು ಬೆಲ್ಲದ ಪಾನಕದಂತಿತ್ತು. ಇದನ್ನು ಯಾರು ಮಾಡಿದ್ದು ಎಂದು ಕೌಂಟರಿನವಳನ್ನು ಕೇಳಿದೆ. "ಊಪರ್ ಸೇ ಆತಾ ಹೈ, ಆಂಟಿ" ಎಂದಳು. ಮೇಲಿನಿಂದ ಬರುತ್ತದಂತೆ, ಮಳೆಯ ಹಾಗೆ. ಮಾಡಿದ ಕೈಯನ್ನು ಕೇಳಿದರೆ ಯಾರಿಗೂ ಉತ್ತರ ಗೊತ್ತಿಲ್ಲ. ಆ ದಿನ ಪ್ರಶಾಂತನ ಎದುರು ಈ ಬಗ್ಗೆ ದೊಡ್ಡ ಲೆಕ್ಚರನ್ನೇ ಕೊಟ್ಟಿದ್ದೆ.

ಹಾಗಾಗಿ ಭಾನುವಾರ ಮಧ್ಯಾಹ್ನ ಅವನಿಗೆ ಫೋನ್ ಮಾಡಿದಾಗ ನನ್ನಲ್ಲಿ ಮಾತಿಗೇನೂ ಕೊರತೆಯಿರಲಿಲ್ಲ. ಅಪ್ಪನಿಗೆ ಕೊತ್ತಂಬರಿ ಹುರಿಯಲು ಬರುತ್ತಿರಲಿಲ್ಲ, ಅಳತೆ ಎಲ್ಲ ಅತ್ತೆಯದು, ಸ್ವಂತ ಅಜ್ಜನ ಅಕ್ಕನನ್ನು ಊರೆದುರು ಕುಕ್ ಮಾಡಿಬಿಟ್ಟೆಯಲ್ಲ, ನಾಚಿಕೆಯಾಗುವುದಿಲ್ಲವೇ ಎಂದು ಉಸಿರು ಬಿಡದೆ ಬೈದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ, "ದೊಡ್ಡಮ್ಮ, ಗುಸ್ಸಾ ಮಾಡ್ಬೇಡಿ. ಆ ಫೋಟೋ ಮಮ್ಮಿಯ ಆಲ್ಬಮ್‌ನಲ್ಲಿತ್ತು. ಹಿಂದೆ ಬರೆದಿದೆ ನಾ, ಇಂಗ್ಲಿಷ್‌ನಲ್ಲಿ. ಪಾಪಾ, ಮಮ್ಮಿ, ಮೀ ಆಂಡ್ ಅವರ್ ಕುಕ್ ಅಂತ" ಎಂದ. ಮತ್ತೆ, "ಹ್ಯಾಂಡ್‌ರೈಟಿಂಗ್ ನಿಮ್ಮದೇ ಅಲ್ವಾ?" ಎಂದ.

ನನ್ನದೇ. ಕಾನ್ವೆಂಟಿನ ಸಿಸ್ಟರ್ ಕಲಿಸಿದ ದುಂಡನೆಯ ಕರ್ಸಿವ್. ಪ್ರಶಾಂತನ ತಾಯಿ ಆಗಿನ್ನೂ ಹುಟ್ಟಿರಲಿಲ್ಲ. ಅವಳಿಗೆ ಬುದ್ಧಿ ಬರುವಷ್ಟರಲ್ಲಿ ಅತ್ತೆ ತೀರಿಕೊಂಡಿದ್ದಳು. ಆ ಬರಹ ಸುಳ್ಳೆಂದು ಹೇಳಲು ಆ ಮನೆಯಲ್ಲಿ ಬೇರೆ ಯಾರೂ ಉಳಿದಿರಲಿಲ್ಲ, ನನ್ನೊಬ್ಬಳ ಹೊರತು.

ಆಗ ನನಗೆ ಹನ್ನೊಂದು ವರ್ಷ. ಕಲ್ಯಾಣದ ಕಾನ್ವೆಂಟಿನಲ್ಲಿ ಓದುತ್ತಿದ್ದೆ. ಅಲ್ಲಿ ಮೊಟ್ಟೆಯಾಕಾರದ ಸಾಬೂನಿನ ವಾಸನೆಯ ಹುಡುಗಿಯರು, ಫ್ರಾಕ್ ಹಾಕುವ ಅಮ್ಮಂದಿರು. ಫೋಟೋವನ್ನು ತೋರಿಸಲು ಒಯ್ದಿದ್ದೆ. ತಲೆತುಂಬ ಸೆರಗು ಹೊದ್ದ, ರವಿಕೆಯಿಲ್ಲದ ಈ ಹೆಂಗಸು ಯಾರೆಂದು ಒಬ್ಬಳು ಕೇಳಿದಳು. ಅವರ್ ಕುಕ್ ಎಂದೆ. ನಂಬಿಕೆ ಬರಲೆಂದು ಹಿಂದೆ ಬರೆದೂ ಬಿಟ್ಟೆ. ಅದರ ಮುಂದಿನ ಗುರುವಾರ, ಹೋಟೆಲಿಗೆ ಪುಡಿ ಕೊಟ್ಟು, ಎಂದಿನಂತೆ ನನಗೆ ಬಿಸಿ ಅನ್ನ ಹುಳಿ ತಂದು ಅತ್ತೆ ಶಾಲೆಯ ವರಾಂಡಕ್ಕೆ ಬಂದಳು. ಹುಡುಗಿಯರು ಓಡಿಬಂದು, ನಿನ್ನ ಕುಕ್ ಬಂದಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಕೂಗಿದರು. ಅತ್ತೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಹೋಟೆಲಿನ ಮನೆಯವಳಿಗೆ ಆ ಒಂದು ಶಬ್ದ ಗೊತ್ತಿರದೆ ಇರುತ್ತದೆಯೇ. ಅವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ವರಾಂಡದ ಮೆಟ್ಟಿಲಿಳಿದು ಹೋದಳು.

ಮರುವಾರದಿಂದ ಅವಳು ಒಳಗೆ ಬರಲಿಲ್ಲ. ಗೇಟಿನ ಹೊರಗೆ, ಮಕ್ಕಳನ್ನು ಕರೆದೊಯ್ಯಲು ಬರುವ ಆಯಾಗಳ ಜೊತೆ ಕಾಯುತ್ತಿದ್ದಳು. ನಾನು ಹೋದಾಗ ಕಂಬಿಗಳ ನಡುವಿನಿಂದ ಡಬ್ಬಿ ಕೊಟ್ಟು, ಕಣ್ಣು ತಗ್ಗಿಸಿಕೊಂಡು ಹಿಂದೆ ಸರಿಯುತ್ತಿದ್ದಳು, ದೊಡ್ಡವರ ಮನೆಯ ಆಳು ಹೇಗೆ ಸರಿಯಬೇಕೋ ಹಾಗೆ. ನಾನು ಆಡಿದ ಸುಳ್ಳನ್ನು ಅವಳು ನನಗಾಗಿ ನಡೆಸಿಕೊಟ್ಟಳು. ಮನೆಗೆ ಬಂದರೆ ಮೊದಲಿನ ಅತ್ತೆಯೇ. ಜಡೆ ಹಾಕುವಾಗ ತಲೆಗೆ ಮೊಟಕುತ್ತಿದ್ದಳು, ಮೂರನೆಯ ದೋಸೆಗೆ ಬೆಣ್ಣೆ ಜಾಸ್ತಿ ಹಾಕುತ್ತಿದ್ದಳು. ಅಪ್ಪನಿಗೆ ಹೇಳಲಿಲ್ಲ. ನನ್ನನ್ನು ಕೇಳಲಿಲ್ಲ. ನಾಲ್ಕು ವರ್ಷ ಹೀಗೇ ನಡೆಯಿತು. ನಾನು ಕಾಲೇಜಿನಲ್ಲಿದ್ದಾಗ ಮೂರು ದಿನದ ಜ್ವರದಲ್ಲಿ ಹೋದಳು. ಅವಳಲ್ಲಿ ಕ್ಷಮೆ ಕೇಳುವುದು ಉಳಿದೇ ಹೋಯಿತು. ಅಪ್ಪ ಇನ್ನೆರಡು ವರ್ಷ ಹೋಟೆಲ್ ನಡೆಸಿದರು. ಗಿರಾಕಿಗಳು ಸಾಂಬಾರು ಮೊದಲಿನಂತಿಲ್ಲ ಎನ್ನತೊಡಗಿದಾಗ, ಎಲ್ಲರೂ ಭಟ್ಟರಿಗೆ ವಯಸ್ಸಾಯಿತು ಎಂದುಕೊಂಡರು.

ಸೋಮವಾರ ಪ್ರಶಾಂತನಿಗೆ ಮತ್ತೆ ಫೋನ್ ಮಾಡಿದೆ. ಮುಂದಿನ ರೌಂಡಿನಲ್ಲಿ ಫೋಟೋದ ಹಿಂಬದಿಯನ್ನೂ ತೋರಿಸು, ಬರೆದವಳು ನಿನ್ನ ದೊಡ್ಡಮ್ಮ, ಬರೆದದ್ದು ಸುಳ್ಳು ಎಂದು ಹೇಳು ಎಂದೆ.

"ಟೀವಿಯಲ್ಲಿ? ನಿಮಗೇ ಇನ್ಸಲ್ಟ್ ಆಗ್ತದಲ್ವಾ, ದೊಡ್ಡಮ್ಮ?"

"ಆಗಲಿ. ನನಗೆ ಆಗಬೇಕಾದದ್ದು ಅರವತ್ತು ವರ್ಷ ಲೇಟಾಗಿದೆ" ಎಂದೆ.

ಹೇಳುತ್ತೇನೆ, ಆದರೆ ಅವರು ಎಡಿಟ್ ಮಾಡಿದರೆ ನನ್ನ ಕೈಯಲ್ಲಿಲ್ಲ ಎಂದ. ಅದು ನಿಜವಿರಬಹುದು, ಅಂಥವರಿಗೆ ಸೀಕ್ರೆಟ್ ಇಟ್ಟುಕೊಂಡ ಅಜ್ಜಂದಿರು ಬೇಕು, ಗೇಟಿನ ಹೊರಗೆ ನಿಂತ ಅತ್ತೆಯರು ಬೇಕಾಗಿಲ್ಲ. ಆದ್ದರಿಂದ ಇಲ್ಲಿ ನಾನೇ ಬರೆದಿಡುತ್ತಿದ್ದೇನೆ, ಈ ಸಲ ಕನ್ನಡದಲ್ಲಿ, ಅವಳು ಓದಬಹುದಾಗಿದ್ದ ಅಕ್ಷರಗಳಲ್ಲಿ: ಎಡಗಡೆಯಿಂದ ನನ್ನ ಅಪ್ಪ, ನನ್ನ ಅಮ್ಮ, ನಾನು, ಮತ್ತು ನನ್ನ ಅತ್ತೆ ಭಾಗೀರಥಿ.