ಮೇಲ್ಮಹಡಿಯ ಬಂಡಾಯಗಾರ

ಪಾರ್ಕ್‌ಲ್ಯಾಂಡ್ಸ್ ಬಡಾವಣೆಯಲ್ಲಿ ನಮ್ಮ ಮೇಲಿನ ಫ್ಲ್ಯಾಟಿನಲ್ಲಿ ಬ್ಯಾಂಕ್ ಮ್ಯಾನೇಜರೊಬ್ಬರಿದ್ದರು. ನಾವು ಒಟ್ಟಿಗೆ ಹೋಗುತ್ತಿದ್ದ ಆಫೀಸ್ ವ್ಯಾನಿನಲ್ಲಿ ಅವರ ಕೈಯಲ್ಲಿ ಸದಾ ಒಂದು ಅಮೆರಿಕನ್ ಕಾದಂಬರಿ. ಸಂಸಾರ, ನೌಕರಿ ಸಾಕಾಗಿ ಮನೆ ಬಿಟ್ಟ ನಾಯಕ ಕೊನೆಗೆ ತಲೆ ತಗ್ಗಿಸಿ ಮರಳಿದರೆ ಪುಸ್ತಕವನ್ನು ಪಟ್ಟನೆ ಮುಚ್ಚಿ, "ಪುಕ್ಕಲ ಕಣ್ರೀ!" ಎನ್ನುತ್ತಿದ್ದರು. ಹಾಗೆನ್ನುವಾಗಲೂ ಕೊರಳಿನ ಐಡಿ ಕಾರ್ಡನ್ನು ನೇರ ಮಾಡಿಕೊಳ್ಳುತ್ತಿದ್ದರು.

ಒಂದು ಶುಕ್ರವಾರ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಸೋಮವಾರ ಆಫೀಸಿಗೆ ಚಕ್ಕರ್ ಹೊಡೀತೀನಿ. ಯಾರ ಅಪ್ಪಣೆನೂ ಬೇಡ. ಮಟಾಟು ಮಿನಿಬಸ್ ಹತ್ತಿ ಲಂಗಾಟಾದ ನ್ಯಾಷನಲ್ ಪಾರ್ಕಿಗೆ ಹೋಗಿ ಸಿಂಹ ನೋಡ್ಕೊಂಡು ಕೂತ್ಬಿಡ್ತೀನಿ!"

ಸೋಮವಾರ ವ್ಯಾನು ಹತ್ತಿದರೆ ಅವರು ಅದೇ ಸೀಟಿನಲ್ಲಿ, ತೊಡೆಯ ಮೇಲೆ ಊಟದ ಡಬ್ಬಿ ಇಟ್ಟುಕೊಂಡು ಕೂತಿದ್ದರು.

"ಸಿಂಹ ಏನಾಯ್ತು ಸಾರ್?" ಎಂದೆ.

ಅವರು ಐಡಿ ಕಾರ್ಡನ್ನು ನೇರ ಮಾಡಿಕೊಂಡರು.

"ಏನ್ಮಾಡೋದ್ರೀ, ಬಾಸ್ ರಜೆ ಸ್ಯಾಂಕ್ಷನ್ ಮಾಡ್ಲಿಲ್ಲ."