ಟ್ರಂಕಿನ ಪಹರೆ

ಅಣ್ಣ ಸೈನ್ಯಕ್ಕೆ ಸೇರಿದಾಗ ನಮ್ಮ ಅಡರಕಟ್ಟಿ ಧಾರವಾಡ ಜಿಲ್ಲೆಯಲ್ಲಿತ್ತು. ಹವಾಲ್ದಾರನಾಗಿ ನಿವೃತ್ತನಾಗಿ ಬರುವಷ್ಟರಲ್ಲಿ ಗದಗ ಜಿಲ್ಲೆಯಾಗಿತ್ತು. ತಾನು ದೇಶದ ಗಡಿ ಕಾಯುತ್ತಿದ್ದಾಗ ಹಿಂದಿನಿಂದ ಜಿಲ್ಲೆಯ ಗಡಿ ಸರಿಸಿಬಿಟ್ಟರೆಂಬ ತಕರಾರು ಅವನಿಗೆ ಬಹಳ ದಿನ ಇತ್ತು.

ಊರು ಅವನನ್ನು ಗೌರವದಿಂದಲೇ ಬರಮಾಡಿಕೊಂಡಿತು. ಎದೆಯ ಮೇಲಿನ ಪದಕಗಳಿಗಿಂತ ಕಿಸೆಯೊಳಗಿನ ಕ್ಯಾಂಟೀನ್ ಕಾರ್ಡಿನ ಮೇಲೆ ಆ ಗೌರವ ಹೆಚ್ಚು ನಿಂತಿತ್ತು. ಮಾಜಿ ಸೈನಿಕರಿಗೆ ತಿಂಗಳಿಗಿಷ್ಟು ಎಂದು ಅಗ್ಗವಾಗಿ ಸಿಗುವ ರಮ್ಮು ನಮ್ಮ ಕಡೆ ಒಂದು ಸಾಮಾಜಿಕ ವ್ಯವಸ್ಥೆ. ನಿಶ್ಚಯ ಮುಗಿದ ಮೇಲೆ ಹಿತ್ತಲಲ್ಲಿ ಸೇರುವ ಗಂಡಸರ ಸಭೆಗೆ, ಬೋರು ಕೊರೆಯುವ ಲಾರಿಯವರನ್ನು ಒಲಿಸಲು, ಬದುವಿಗೆ ಹೊಡೆದಾಡಿದ ಅಣ್ಣತಮ್ಮಂದಿರ ರಾಜಿಗೆ ‘ಮಿಲ್ಟ್ರಿ ಮಾಲು’ ಬೇಕೇ ಬೇಕು. ಪೇಟೆಯ ಬಾಟಲಿಯ ಮೇಲೆ ಆದ ರಾಜಿ ಕಚ್ಚಾ ರಾಜಿ. ಹೀಗಾಗಿ ಅಣ್ಣನ ಕೋಟಾ ಕೆರೆಯ ನೀರಿನಂತೆ ಸಾರ್ವಜನಿಕ ಆಸ್ತಿಯಾಗಿತ್ತು.

ಸಾರ್ವಜನಿಕರಿಗೆ ಕೊಟ್ಟು ಉಳಿದದ್ದನ್ನು ಅಣ್ಣ ಕುಡಿಯುತ್ತಿದ್ದ. ಉಳಿಯದಿದ್ದರೆ ಲಕ್ಷ್ಮೇಶ್ವರದಿಂದ ತರಿಸುತ್ತಿದ್ದ. ಮೊದಮೊದಲು ಸಂಜೆ, ಕಹಳೆ ಊದಿದಂತೆ ಹೊತ್ತಿಗೆ ಸರಿಯಾಗಿ. ಬರಬರುತ್ತ ಆ ಕಹಳೆ ಮಧ್ಯಾಹ್ನಕ್ಕೇ ಊದತೊಡಗಿತು. ರಾತ್ರಿ ನಿದ್ದೆಯಿಲ್ಲ, ಬಾಗಿಲಿಗೆ ಬೆನ್ನು ಮಾಡಿ ಅವನು ಎಂದೂ ಕೂರುತ್ತಿರಲಿಲ್ಲ. ಬೆಳ್ಳಟ್ಟಿಯ ಒಂದು ಮದುವೆಯಲ್ಲಿ ಪಟಾಕಿ ಸರ ಹಚ್ಚಿದಾಗ, ಊಟದ ಪಂಕ್ತಿಯಲ್ಲೇ ಬೋರಲು ಬಿದ್ದು ಪಕ್ಕದವನನ್ನೂ ಎಳೆದು ಕೆಡವಿದ. ಪಕ್ಕದವನು ನಾನು. ಜನ ನಕ್ಕರು. ನಾನೂ ನಗುವವನಿದ್ದೆ, ಆದರೆ ಸರ ಸಿಡಿದು ಮುಗಿಯುವವರೆಗೂ ಅವನು ನನ್ನ ಕುತ್ತಿಗೆಯನ್ನು ನೆಲಕ್ಕೊತ್ತಿ ಹಿಡಿದೇ ಇದ್ದ.

ಅಣ್ಣನ ಹೆಂಡತಿ, ನಮ್ಮ ವೈನಿ, ನಗಲಿಲ್ಲ. ಮುಂಡರಗಿಯ ತವರಿಗೆ ಹೋಗಿ ಅಲ್ಲಿಂದ ಒಂದೇ ಷರತ್ತು ಹೇಳಿ ಕಳಿಸಿದಳು: ಮನೆಯಲ್ಲಿ ಒಂದೋ ಬಾಟಲಿ ಇರಬೇಕು, ಇಲ್ಲವೇ ತಾನು.

ಗದಗಿನ ದವಾಖಾನೆಯ ಮನೋರೋಗದ ಡಾಕ್ಟರ ಬಳಿ ಅಣ್ಣನನ್ನು ಕರೆದುಕೊಂಡು ಹೋದೆ. ಆಕೆ ವಯಸ್ಸಿನಲ್ಲಿ ಬಹಳ ಚಿಕ್ಕವರು. ಅಣ್ಣ ಕೂರಲೊಲ್ಲ.

“ನಿಮ್ಮ ರ‍್ಯಾಂಕ್ ಏನ್ರಿ?” ಎಂದು ನಿಂತೇ ಕೇಳಿದ.

“ನಿಮಗಿಂತ ಒಂದು ಮ್ಯಾಲಂತ ತಿಳ್ಕೋರಿ. ಕುಂಡ್ರಿ.”

ಕುಳಿತ. ಬಹಳ ಹೊತ್ತು ಅವನ ಮಾತು ಕೇಳಿಸಿಕೊಂಡು ಆಕೆ ಹೇಳಿದರು: “ನಿದ್ದಿ ಬರ್ಲಿ ಅಂತ ಕುಡೀತೀರಿ. ಕುಡದು ಇದ್ದ ನಿದ್ದೀನೂ ಕೆಡಿಸ್ಕೋತೀರಿ. ಪಟಾಕಿಗೆ ಹಂಗಾಗೋದು ಅಂಜುಬುರಕತನ ಅಲ್ರಿ, ಬ್ಯಾನಿ. ಅದಕ್ಕ ಔಷಧ ಐತಿ. ಆದ್ರ ಮನ್ಯಾಗ ಒಮ್ಮಿಗೇ ಕುಡಿಯೋದು ಬಿಟ್ರ ಜೀವಕ್ಕ ಧಕ್ಕಿ. ಇಲ್ಲೇ ಅಡ್ಮಿಟ್ ಆಗ್ರಿ.”

ಮೇಲಿನವರ ಆದೇಶ. ಅಣ್ಣ ದಾಖಲಾದ, ಕುಡಿಯುವುದು ಬಿಟ್ಟ, ಹೇಳಿದ ದಿನಕ್ಕೆ ತಪ್ಪದೆ ಹೋಗಿ ಮಾತಾಡಿ ಬರತೊಡಗಿದ. ಕೆಲವು ತಿಂಗಳು ಕಳೆದ ಮೇಲೆ, ಬರುತ್ತೇನೆಂದು ವೈನಿಯಿಂದ ಸುದ್ದಿ ಬಂತು.

ಆಗ ನಮ್ಮ ಕಾಕಾ ಬಂದ. ಅವನ ಮಗನ ನಿಶ್ಚಯಕ್ಕೆ ಶಿರಹಟ್ಟಿಯ ಬೀಗರು ಬರುವವರಿದ್ದರು.

“ನೀ ಕುಡಿಯೋದು ಬಿಟ್ಟಿದ್ದು ಭಾಳ ಚಲೋ ಆತು,” ಎಂದ ಕಾಕಾ. “ನಿನ್ನ ಪಾಲೂ ನಮಗ ಉಳೀತು. ತಂದು ನಿನ್ನ ಮಿಲ್ಟ್ರಿ ಟ್ರಂಕಿನ್ಯಾಗ ಇಡು. ಕುಡ್ಯಾವ್ರ ಮನ್ಯಾಗ ಇಟ್ರ ನಿಶ್ಚಯದ ತನಕ ಉಳಿತಾವೇನಲೇ? ಬಿಟ್ಟಾಂವನ ಮನೀನ ಭದ್ರ.”

ತರ್ಕದಲ್ಲಿ ಒಂದು ಬಿರುಕೂ ಇರಲಿಲ್ಲ. ಅಣ್ಣ ತಂದಿಟ್ಟ. ಬಾಟಲಿ ಕೊಡದ ಮಾಜಿ ಸೈನಿಕನಿಗೆ ಊರಲ್ಲಿ ಯಾವ ಸ್ಥಾನವೆಂದು ಅವನಿಗೆ ತಿಳಿದಿರಲಿಲ್ಲ. ತಿಳಿದುಕೊಳ್ಳುವ ಧೈರ್ಯವೂ ಇರಲಿಲ್ಲ.

ವೈನಿ ಬರುವ ದಿನ ಬೆಳಿಗ್ಗೆ ಹೋಗಿ ನೋಡಿದರೆ ಅಣ್ಣ ಟ್ರಂಕಿನ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದ. ಬಾಗಿಲಿಗೆ ಬೆನ್ನು ಮಾಡಿ ಕೂತದ್ದನ್ನು ನಾನು ಮೊದಲ ಸಲ ಕಂಡೆ. ಅಂಗಿ ಬೆವರಿಗೆ ತೊಯ್ದಿತ್ತು.

“ತಗದೀಯೇನು?” ಎಂದೆ.

“ಇಲ್ಲ. ಇನ್ನೊಂದು ತಾಸು ಕುಂತ್ರ ತಗೀತೀನಿ.” ಹಾಗೆಂದವನೇ ಎದ್ದ. “ಆ ಕಡಿ ಹಿಡಿ.”

ಹಾಡುಹಗಲಲ್ಲಿ ಇಬ್ಬರೂ ಟ್ರಂಕು ಹಿಡಿದು ಓಣಿಯಲ್ಲಿ ನಡೆದೆವು. ಕಟ್ಟೆಯ ಮೇಲಿದ್ದವರು ಒಳಗಿನ ಸದ್ದು ಗುರುತಿಸಿ ಎದ್ದು ನಿಂತರು. ಕಾಕಾನ ಪಡಸಾಲೆಯಲ್ಲಿ ಅಣ್ಣ ಬಾಟಲಿಗಳನ್ನು ಪರೇಡಿನಂತೆ ಸಾಲಾಗಿ ನಿಲ್ಲಿಸಿದ.

“ಕಾಕಾ, ಇವು ಕಡೀವು. ಕ್ಯಾಂಟೀನಿನ ರಮ್ಮಿನ ಕಾರ್ಡು ವಾಪಸ್ ಕೊಡಾಕ ಹೊಂಟೀನಿ. ಕಿರಾಣಿ ಕಾರ್ಡು ಇರತೈತಿ. ಸಾಬಾಣ ಬೇಕಾದ್ರ ಹೇಳ್ರಿ.”

“ಸಾಬಾಣ ಹಚ್ಚಿ ಬೀಗರನ್ನ ತೊಳೀಲೇನು?” ಕಾಕಾ ನಿಜಕ್ಕೂ ಕಂಗಾಲಾಗಿದ್ದ. “ಮತ್ತ ನಿನ್ನ ಉಪಯೋಗರ ಏನಲೇ ನಮಗ?”

ಅಣ್ಣ ಪ್ರಶ್ನೆಯನ್ನು ಗಂಭೀರವಾಗಿಯೇ ತೆಗೆದುಕೊಂಡ. “ಗೊತ್ತಿಲ್ಲ ಕಾಕಾ. ಇನ್ನ ಹುಡುಕಬೇಕು,” ಎಂದ.

ಹಗುರಾದ ಟ್ರಂಕು ಮನೆಗೆ ಮರಳಿದ ಮೇಲೆ, ಮಧ್ಯಾಹ್ನದ ಬಸ್ಸಿಗೆ ವೈನಿ ಇಳಿದಳು. ಮನೆ ಮುಟ್ಟುವಷ್ಟರಲ್ಲಿ ಓಣಿ ಅವಳಿಗೆ ಎಲ್ಲ ಖಬರು ಒಪ್ಪಿಸಿತ್ತು. ಕಾಲು ತೊಳೆಯದೆ ನೇರ ಟ್ರಂಕಿಗೆ ಹೋಗಿ ಮುಚ್ಚಳ ಎತ್ತಿದಳು. ಒಳಗೆ ಹಳೆಯ ಸಮವಸ್ತ್ರ, ಮೂಲೆಗಳಲ್ಲಿ ಡಾಂಬರು ಗುಳಿಗೆ. ಅಣ್ಣ ಪರೇಡಿನ ‘ಸಾವಧಾನ್’ ಭಂಗಿಯಲ್ಲಿ ಸೆಟೆದು ನಿಂತಿದ್ದ.

“ವಾಸನಿ ಐತಿ,” ಎಂದಳು.

“ಡಾಂಬರ ಗುಳಿಗೀದು. ಮೂಸಿ ನೋಡು.”

ವೈನಿ ನಾಲ್ಕೂ ಮೂಲೆ ಮೂಸಿ ನೋಡಿದಳು. ಯಾವ ಸುಬೇದಾರನೂ ಅಷ್ಟು ಕಟ್ಟುನಿಟ್ಟಾಗಿ ತಪಾಸಣೆ ಮಾಡಿರಲಾರ. ಆಮೇಲೆ ತನ್ನ ಗಂಟು ಬಿಚ್ಚಿ, ಸೀರೆಗಳನ್ನು ಒಂದೊಂದಾಗಿ ಸಮವಸ್ತ್ರದ ಮೇಲೆ ಜೋಡಿಸಿ, ಮುಚ್ಚಳ ಹಾಕಿ ಕೈ ಚಾಚಿದಳು.

“ಕೀಲಿ ಕೊಡ್ರಿ ಇಲ್ಲೆ.”