ಗುಂಪಿನ ಪೆದ್ದಣ್ಣ

ಸಾಫ್ಟ್‌ವೇರ್ ಡೆವಲಪರ್‌ಗಳ ಚಾಟ್ ಗುಂಪಿನಲ್ಲಿ ಅವನಿಗೆ ಪೆದ್ದಣ್ಣ ಎಂದೇ ಹೆಸರು. ತಲೆ ನರೆತರೂ ಕೇಳುವುದೆಲ್ಲ ಎಳೆಮಕ್ಕಳ ಪ್ರಶ್ನೆ. ಮಧ್ಯಾಹ್ನವಿಡೀ ಆರಿದ ಚಹಾ ಹಿಡಿದು, ಕಿಟಕಿಯಾಚೆಯ ಮೋಡದಷ್ಟೇ ನಿಧಾನವಾಗಿ ಪರದೆಯ ಮುಂದೆ ತೇಲುತ್ತಿರುತ್ತಾನೆ. ಕಣ್ಣು ಮಾತ್ರ ಪರದೆಯ ತಳದಲ್ಲಿ. ಅಲ್ಲಿ, ಹೊಸದಾಗಿ ಸೇರಿದ ಹುಡುಗಿ ‘ಟೈಪ್ ಮಾಡುತ್ತಿದ್ದಾರೆ’ ಎಂಬ ಸಾಲು ಕೊಳದ ಮೀನಿನಂತೆ ಮೇಲೆ ಬರುತ್ತದೆ, ಏನೂ ಕೇಳದೆ ಮುಳುಗುತ್ತದೆ, ಮತ್ತೆ ಬರುತ್ತದೆ. ಆಗ ಪೆದ್ದಣ್ಣ ಕೇಳುತ್ತಾನೆ: “ಟೆಸ್ಟ್ ಸರ್ವರ್‌ಗೆ ಲಾಗಿನ್ ಆಗೋದು ಹೇಗ್ರಪ್ಪಾ?” “ಅಣ್ಣಾ, ಮೊದ್ಲು ನಿಮ್ಮ ತಲೆ ರೀಸ್ಟಾರ್ಟ್ ಮಾಡ್ಕೊಳ್ಳಿ,” ಎಂದು ಹುಡುಗರು ಕಾಲೆಳೆದು, ದಾರಿಯನ್ನೂ ಬಿಡಿಸಿ ಹೇಳುತ್ತಾರೆ. ನಗುವೆಲ್ಲ ಇಳಿದ ಮೇಲೆ ಮೀನು ಮೆಲ್ಲಗೆ ಬಾಯಿಬಿಡುತ್ತದೆ: “ನಂಗೂ ಅದೇ ಗೊತ್ತಿರ್ಲಿಲ್ಲ.” ಆ ಹುಡುಗರೂ ಒಂದು ಕಾಲಕ್ಕೆ ಹೀಗೇ ಬಾಯಿಬಿಟ್ಟವರು. ಆ ಸರ್ವರ್ ಕಟ್ಟಿದವನೇ ಪೆದ್ದಣ್ಣ ಎಂದು ಅವಳಿಗೆ ಯಾರೂ ಹೇಳುವುದಿಲ್ಲ.